ಗುಂಡಿ ನೋಡಿ ಆಳು ಹೇಳುವವರು

ನಮ್ಮ ದೊಡ್ಡಮಾವನವರು ತಮ್ಮ ಆಯುಷ್ಯದಲ್ಲಿ ಒಬ್ಬರ ಮುಖವನ್ನೂ ಸರಿಯಾಗಿ ನೋಡಿದವರಲ್ಲ. ಕುರುಡರಾಗಿದ್ದರೆ ಅಯ್ಯೋ ಪಾಪ ಅನ್ನಬಹುದಿತ್ತು. ಅವರದು ಹದ್ದಿನ ಕಣ್ಣು! ಆದರೆ ಆ ಕಣ್ಣು ಎದುರಿಗೆ ಬಂದವರ ಗಂಟಲಿನಿಂದ ಹೊರಟು ಹೊಕ್ಕುಳಿನ ತನಕ ಇಳಿದು ಅಲ್ಲಿಂದಲೇ ವಾಪಸಾಗುತ್ತಿತ್ತು. ಅಷ್ಟರಲ್ಲಿ ಅವರಿಗೆ ಬೇಕಾದದ್ದೆಲ್ಲ ಸಿಕ್ಕಿರುತ್ತಿತ್ತು. ಅಂಗಿಯ ಗುಂಡಿ ಯಾವ ಲೋಹದ್ದು, ಎಲ್ಲಿ ಎರಕ ಹೊಯ್ದದ್ದು, ಹಿಂದಿನ ಕೊಂಡಿ ಗಟ್ಟಿ ಇದೆಯೋ ಇಲ್ಲವೋ. ಆ ಅಂಗಿಯ ಮೇಲೆ ಇರುವ ತಲೆ ಯಾರದು ಅನ್ನುವುದು ಅವರಿಗೆ ಸಂಬಂಧಪಡದ ವಿಚಾರ.

ನನ್ನನ್ನು ನೋಡಲು ನ್ಯಾಮತಿಗೆ ಬಂದಾಗಲೂ ಅಷ್ಟೆ. ಮೂವತ್ತರ ದಶಕದ ನಡುವಿನ ಮಾತು. ನಾನು ಇಳಕಲ್ ಸೀರೆ ಉಟ್ಟುಕೊಂಡು, ತಲೆ ತಗ್ಗಿಸಿ, ಅವಲಕ್ಕಿ ತಟ್ಟೆ ಹಿಡಿದು ಅವರ ಮುಂದೆ ನಿಂತೆ. ನಿಂತೇ ಇದ್ದೆ. ತಟ್ಟೆ ತೆಗೆದುಕೊಳ್ಳುವ ವ್ಯವಧಾನ ಅವರಿಗೆಲ್ಲಿ? ಅವರು ನಮ್ಮಪ್ಪನ ಎದೆಯನ್ನೇ ನೋಡುತ್ತಿದ್ದರು. ವಾಪಸು ಹೋಗುವಾಗ ಗಾಡಿಯಲ್ಲಿ ನಮ್ಮ ಅತ್ತೆ, ಅಂದರೆ ಅವರ ತೀರಿಹೋದ ತಮ್ಮನ ಹೆಂಡತಿ, ಕೇಳಿದರಂತೆ.

"ಹುಡುಗಿ ಹೆಂಗೈತೆ ಭಾವ?"

"ಹುಡುಗಿನಾ? ನಾನು ನೋಡ್ಲಿಲ್ಲವ್ವ. ಬೀಗರ ಕೋಟಿನಾಗೆ ಒಂದು ಗುಂಡಿ ಮಾತ್ರ ಬ್ಯಾರೆ ಜಾತಿದು ಐತೆ. ಹಳೇ ದಂಡಿನ ಪಲ್ಟಣದ್ದು. ಸಂಬಂಧ ಬಿಡಬ್ಯಾಡ್ರಿ."

ಹೀಗೆ ನಾನು ಒಂದು ಹಿತ್ತಾಳೆ ಗುಂಡಿಯ ಬಾಲ ಹಿಡಿದು ಚನ್ನಗಿರಿಗೆ ಸೊಸೆಯಾಗಿ ಬಂದೆ. ಮದುವೆಯ ದಿನ ನಮ್ಮಪ್ಪನ ಕೋಟಿನಲ್ಲಿ ಆ ಗುಂಡಿ ಇರಲಿಲ್ಲ, ಅದರ ಜಾಗದಲ್ಲಿ ಒಂದು ಪಿನ್ನು ಇತ್ತು. ವರದಕ್ಷಿಣೆ ಕೇಳದ ದೊಡ್ಡ ಮನಸ್ಸಿನ ಜನ ಅಂತ ನಮ್ಮವ್ವ ಊರೆಲ್ಲ ಹೇಳಿಕೊಂಡು ತಿರುಗಿದಳು.

ನಮ್ಮ ಮನೆಯದು ಚನ್ನಗಿರಿ ಪೇಟೆಯಲ್ಲಿ ಜವಳಿ ಅಂಗಡಿ. ಮಾವನವರು ಹೋದ ಮೇಲೆ ಗಲ್ಲಾದ ಮುಂದೆ ಕೂರಬೇಕಾದವರು ದೊಡ್ಡಮಾವ. ಅವರಿಗೆ ಮದುವೆಯಿಲ್ಲ. ಹೆಣ್ಣು ನೋಡಲು ಹೋದ ಕಡೆಯೆಲ್ಲ ಅವರು ಹೆಣ್ಣು ನೋಡದೆ ಬಂದಿರಬೇಕು ಅಂತ ನನ್ನ ಊಹೆ. ಅಂಗಡಿಯಲ್ಲಿ ಕೂತರೂ ವ್ಯಾಪಾರದ ಮೇಲೆ ಗಮನವಿಲ್ಲ. ಗಿರಾಕಿ ಬಂದು "ಮಲ್ಲು ಹೆಂಗ್ರಿ ಗಜ?" ಅಂದರೆ ಇವರು, "ನಿನ್ನ ಅಂಗಿ ಎರಡನೇ ಗುಂಡಿ ಎಲ್ಲಿ ಸಿಕ್ತೋ?" ಅನ್ನುವರು. ಗಿರಾಕಿ ಎದೆ ಮುಚ್ಚಿಕೊಂಡು ಪಕ್ಕದ ಅಂಗಡಿಗೆ ಹೋಗುವನು. ಪಕ್ಕದ ಅಂಗಡಿಯವನು ಹೊಸ ಮನೆ ಕಟ್ಟಿಸಿದ್ದು ನಮ್ಮ ದೊಡ್ಡಮಾವನವರ ಆಶೀರ್ವಾದದಿಂದಲೇ.

ಇವರ ನಿಜವಾದ ಕಸುಬು ಶುರುವಾಗುತ್ತಿದ್ದದ್ದು ಮೊದಲ ಮಳೆ ಬಿದ್ದ ಮರುದಿನ. ಮಣ್ಣು ತೊಳೆದು ಹೋಗಿ ಲೋಹ ಮೇಲೆ ಬರುವ ಹೊತ್ತು ಅದು. ಊರಿನವರು ಬಿತ್ತನೆಗೆ ಹೊಲಕ್ಕೆ ಹೋದರೆ ಇವರು ತುದಿಗೆ ಕಬ್ಬಿಣದ ಮೊಳೆ ಕಟ್ಟಿದ ಬಿದಿರು ಕೋಲು ಹಿಡಿದು ಕೋಟೆ ಗುಡ್ಡ ಹತ್ತುವರು. ನೆಲಕ್ಕೆ ಚುಚ್ಚುವುದು, ಕೋಲಿನ ಮೇಲಿನ ತುದಿಗೆ ಕಿವಿ ಇಡುವುದು, ಮತ್ತೆ ಚುಚ್ಚುವುದು. ಕಲ್ಲು ಮೊಂಡು ಸದ್ದು ಮಾಡುತ್ತದಂತೆ, ಕಬ್ಬಿಣ ಒರಟು, ಹಿತ್ತಾಳೆ ಮಾತ್ರ ಮಾತಾಡುತ್ತದಂತೆ! ಏನು ಮಾತಾಡುತ್ತದೆ ಅಂತ ನಾವು ಯಾರೂ ಕೇಳಲಿಲ್ಲ. ಗುಂಡಿ ತೋಡಿ ಗುಂಡಿ ಹುಡುಕುವ ಮನುಷ್ಯನ ಜೊತೆ ವಾದ ಮಾಡುವಷ್ಟು ಪುರಸೊತ್ತು ಯಾರಿಗಿತ್ತು?

ಸಿಕ್ಕಿದ್ದನ್ನು ಮನೆಗೆ ತಂದು ಹುಣಸೆಹಣ್ಣು, ಬೂದಿ ಹಾಕಿ ಉಜ್ಜುತ್ತಿದ್ದರು. ವರ್ಷದ ಹುಣಸೆಹಣ್ಣು ಆಷಾಢಕ್ಕೆ ಮುಗಿಯುತ್ತಿತ್ತು. ಆಮೇಲೆ ನಮ್ಮ ಮನೆಯ ಸಾರಿಗೆ ಹುಳಿಯೂ ಇಲ್ಲ, ಅದನ್ನು ಉಣ್ಣುವವರ ಮುಖಕ್ಕೆ ಕಳೆಯೂ ಇಲ್ಲ. ಗುಂಡಿಗಳು ಮಾತ್ರ ಫಳಫಳ.

ಹಿಂದೊಮ್ಮೆ ಪಿಂಚಣಿ ಹವಾಲ್ದಾರನೊಬ್ಬ ಇವರಿಗೆ ಗುಂಡಿ ಗುರುತಿಸುವ ವಿದ್ಯೆ ಹೇಳಿಕೊಟ್ಟು ಸತ್ತಿದ್ದನಂತೆ. ಹೇಳಿಕೊಡದೆ ಸತ್ತಿದ್ದರೆ ಅವನಿಗೆ ಸ್ವರ್ಗ ಸಿಗುತ್ತಿತ್ತು. ಚಪ್ಪಟೆಯಾಗಿ ಒಂದೇ ತುಂಡಾಗಿದ್ದರೆ ಬಹಳ ಹಳೆಯದು. ಉಬ್ಬಿ, ಒಳಗೆ ಟೊಳ್ಳಾಗಿ, ಎರಡು ತುಂಡು ಸೇರಿಸಿದ್ದರೆ ಈಚಿನದು. ಮೇಲೆ ಗಂಡಭೇರುಂಡವಿದ್ದರೆ ನಮ್ಮ ಮಹಾರಾಜರದು, ಕಿರೀಟವಿದ್ದರೆ ಬಿಳಿಯರದು, ಅಂಕಿಯಿದ್ದರೆ ಅದು ಪಲ್ಟಣದ ನಂಬರು. ಇಲ್ಲಿಯ ತನಕ ಒಪ್ಪೋಣ. ಇದನ್ನು ಯಾರು ಬೇಕಾದರೂ ಕಲಿಯಬಹುದು. ಇಷ್ಟಕ್ಕೇ ನಿಲ್ಲಿಸಿದ್ದರೆ ಇವರು ನಮ್ಮ ದೊಡ್ಡಮಾವ ಹೇಗಾದಾರು?

ಇವರು ಗುಂಡಿ ನೋಡಿ ಅದನ್ನು ತೊಟ್ಟ ಆಳನ್ನೇ ಹೇಳುತ್ತಿದ್ದರು. "ಸಿಪಾಯಿ ದಿನಾ ಬೆಳಗ್ಗೆ ಗುಂಡಿ ಉಜ್ಜಬೇಕು. ಬಲಗೈಯವನು ಉಜ್ಜಿದ್ರೆ ಒಂದು ಮಗ್ಗುಲು ಸವೀತದೆ, ಎಡಚ ಉಜ್ಜಿದ್ರೆ ಇನ್ನೊಂದು ಮಗ್ಗುಲು. ಸಾವಿರ ಗುಂಡಿ ಸುರೀರಿ, ಎಡಚಂದು ಆರಿಸಿ ಕೊಡ್ತೀನಿ" ಅನ್ನುವರು. ಎಡಚ, ಬಲಚ ಮಾತ್ರವೇ? ಇವನು ಕುಡುಕ, ಇವನು ಸೋಮಾರಿ, ಇವನಿಗೆ ಊರಿನ ನೆನಪು ಜಾಸ್ತಿ, ಇವನ ಹವಾಲ್ದಾರ ಮುಂಗೋಪಿ! ಸತ್ತು ನೂರು ವರ್ಷವಾದ ಸಿಪಾಯಿಗಳು ಬಂದು ಸುಳ್ಳು ಅನ್ನುವ ಹಾಗಿಲ್ಲವಲ್ಲ. ಸುತ್ತಲಿನ ಊರುಗಳಲ್ಲಿ "ಚನ್ನಗಿರಿಯಾಗೆ ಗುಂಡಿ ನೋಡಿ ಆಳು ಹೇಳೋರು ಒಬ್ರದಾರೆ" ಅಂತ ಹೆಸರಾಗಿಬಿಟ್ಟಿತು. ಹೊಲದಲ್ಲಿ ಸಿಕ್ಕ ಚೂರುಪಾರು ಹಿಡಿದುಕೊಂಡು ಜನ ಬರುವರು. ಅವರಿಗೆಲ್ಲ ಕಾಫಿ ಮಾಡುವವಳು ಯಾರು? ನಾನು.

ಹೊನ್ನಾಳಿಯ ಕಥೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಹೊನ್ನಾಳಿಯ ಕಡೆ ಹಳ್ಳದ ಮರಳಿನಲ್ಲಿ ಚಿನ್ನದ ಪುಡಿ ಸಿಗುತ್ತದೆಂದು ಜಾಲಗಾರರು ತೊಳೆಯುತ್ತಿದ್ದದ್ದು ನಿಜ. ಅದರಿಂದ ಆ ಸೀಮೆಯ ಜನಕ್ಕೆ ನೆಲದಲ್ಲಿ ಹಳದಿಯಾಗಿ ಕಂಡದ್ದೆಲ್ಲ ಚಿನ್ನವೇ. ಅಲ್ಲಿಯ ಗೌಡರೊಬ್ಬರ ಮನೆಯಲ್ಲಿ ಅಜ್ಜನ ಕಾಲದಲ್ಲಿ ನೇಗಿಲಿಗೆ ಸಿಕ್ಕಿದ ಒಂದು ಚಿನ್ನದ ಹೊನ್ನು ದೇವರ ಜಗಲಿಯ ಮೇಲಿತ್ತು. ಅದಕ್ಕೆ ದಿನಾ ವಿಭೂತಿ, ಹೂವು. ಅಮಾವಾಸ್ಯೆಗೆ ಕಾಯಿ. ಮನೆಯ ಲಕ್ಷ್ಮಿಯೇ ಅದು ಅಂತ ಅವರ ನಂಬಿಕೆ. ಗೌಡರ ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆ ನಮ್ಮನ್ನು ಕರೆದಿದ್ದರು. ಹೆಂಗಸರು ಜೋಗುಳ ಹಾಡುತ್ತಿದ್ದಾಗ ದೊಡ್ಡಮಾವ ಮೆಲ್ಲಗೆ ಜಗಲಿಯ ಹತ್ತಿರ ಹೋಗಿ, ಲಕ್ಷ್ಮಿಯನ್ನು ಎರಡು ಬೆರಳಿನಲ್ಲಿ ಹಿಡಿದು, ತಿರುಗಿಸಿ ನೋಡಿದರು.

"ಗೌಡ್ರೆ, ಇದು ಹೊನ್ನಲ್ಲ. ಕಂಪನಿ ಪಡೆಯೋರು ಇಲ್ಲಿ ಡೇರೆ ಹಾಕಿದ್ರಲ್ಲ, ಅವಾಗ ಬಿದ್ದಿದ್ದು. ಗುಂಡಿ."

"ಗುಂಡಿನಾ? ಕೋಟಿಂದಾ?"

ಹೌದು ಅಂದಿದ್ದರೆ ಎಲ್ಲರ ಮರ್ಯಾದೆ ಉಳಿಯುತ್ತಿತ್ತು. ದೊಡ್ಡಮಾವ ಸತ್ಯವಂತರಲ್ಲವೇ! "ಕೋಟಿಂದು ಇಷ್ಟು ಸಣ್ಣಕೆ ಇರಾಕಿಲ್ಲ. ಇದು ಚಲ್ಲಣದ್ದು. ಮುಂದಿಂದು."

ಮೂರು ತಲೆಮಾರು ಒಬ್ಬ ಸೋಲ್ಜರನ ಚಲ್ಲಣದ ಗುಂಡಿಗೆ ಕಾಯಿ ಒಡೆದ ಮನೆಯವರು ನಮ್ಮನ್ನು ಊಟಕ್ಕೆ ನಿಲ್ಲಿ ಅನ್ನಲಿಲ್ಲ. ಹೋಳಿಗೆಯ ವಾಸನೆ ಕುಡಿದುಕೊಂಡು ಗಾಡಿ ಹತ್ತಿದೆವು. ದಾರಿಯಲ್ಲಿ ಇವರ ಗೋಳು ಹೋಳಿಗೆಯದಲ್ಲ. "ಗುಂಡಿ ಕೊಡ್ಲೇ ಇಲ್ಲವಲ್ಲವ್ವ" ಅಂತ ಅತ್ತೆಯ ಹತ್ತಿರ ಗೊಣಗುತ್ತಾ ಬಂದರು.

ಸೂರಗೊಂಡನಕೊಪ್ಪದಲ್ಲಿ ಆದದ್ದು ಇದಕ್ಕಿಂತ ಚೆನ್ನಾಗಿದೆ. ಲಂಬಾಣಿ ಹೆಂಗಸರ ರವಿಕೆಗೆ, ಲಂಗಕ್ಕೆ ಕನ್ನಡಿ, ಕವಡೆ, ಬಿಲ್ಲೆಗಳ ಜೊತೆ ಹಳೇ ಗುಂಡಿಯನ್ನೂ ಹೊಲಿದಿರುತ್ತಾರೆ. ಅವರ ಹಿರಿಯರು ಎತ್ತುಗಳ ಮೇಲೆ ದಂಡಿಗೆ ಧಾನ್ಯ ಸಾಗಿಸುತ್ತಿದ್ದ ಜನ. ಅವರ ಹತ್ತಿರ ಎಂಥೆಂಥ ಪಲ್ಟಣದ ಗುಂಡಿಗಳಿರಬೇಡ ಅಂತ ದೊಡ್ಡಮಾವನವರಿಗೆ ಬಾಯಲ್ಲಿ ನೀರು. ಒಂದು ದಿನ ಹೋಗಿಯೇಬಿಟ್ಟರು. ತಾಂಡಾದ ಒಬ್ಬ ಅಜ್ಜಿಯ ಎದುರು ನಿಂತು, ಬಗ್ಗಿ, ಆಕೆಯ ರವಿಕೆಯನ್ನು ನೋಡತೊಡಗಿದರು. ಬಿಳಿ ಪಂಚೆಯ, ವಿಭೂತಿ ಧರಿಸಿದ ಪೇಟೆಯ ಯಜಮಾನರೊಬ್ಬರು ಹೀಗೆ ನಿಂತರೆ ಏನಾಗಬೇಕೋ ಅದೇ ಆಯಿತು. ಗಂಡಸರು ಬಡಿಗೆ ಹಿಡಿದು ಬಂದರು. "ನಾನು ಗುಂಡಿ ನೋಡ್ತಿದ್ದೆ" ಅಂದರೆ ಯಾರು ನಂಬುತ್ತಾರೆ?

ನಂಬಿದವಳು ಆ ಅಜ್ಜಿಯೊಬ್ಬಳೇ. "ಬಿಡ್ರಪ್ಪ, ಇವನ ಕಣ್ಣು ಹಿತ್ತಾಳೆ ಮ್ಯಾಲೆ ಐತೆ. ಗಂಡಸರ ಕಣ್ಣು ನನಗೆ ಗೊತ್ತಾಗಲ್ವ?" ಅಂದಳಂತೆ. ಆಮೇಲೆ ಇವರ ಕಡೆ ತಿರುಗಿ, "ಗುಂಡಿ ಬೇಕೇನು? ನಿನ್ನವು ಬಿಚ್ಚಿ ಕೊಡು, ನನ್ನವು ಬಿಚ್ಚಿ ಕೊಡ್ತೀನಿ" ಅಂದಳಂತೆ. ದೊಡ್ಡಮಾವ ತೊಟ್ಟಿದ್ದು ನಮ್ಮ ಮಾವನವರ ಕಾಲದ ಬೆಳ್ಳಿ ಗುಂಡಿ, ಅದಕ್ಕೆ ಬೆಳ್ಳಿ ಸರಪಳಿ. ಕಣ್ಣು ಮಿಟುಕಿಸದೆ ಬಿಚ್ಚಿ ಕೊಟ್ಟು, ಎದೆ ತೆರೆದುಕೊಂಡ ಅಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಸವಳಂಗಕ್ಕೆ ನಡೆದು, ಬಸ್ಸು ಹತ್ತಿ ಮನೆಗೆ ಬಂದರು. ಹುಣಸೆಹಣ್ಣು ಹಾಕಿ ಉಜ್ಜಿದ ಮೇಲೆ ತಿಳಿಯಿತು. ಪಲ್ಟಣವೂ ಇಲ್ಲ, ಗಿಲ್ಟಣವೂ ಇಲ್ಲ. ಅವು ಮದುವೆಯಲ್ಲಿ ಬ್ಯಾಂಡು ಬಾರಿಸುವವರ ಗುಂಡಿ. ಅತ್ತೆ ಗಂಡನ ಬೆಳ್ಳಿ ಗುಂಡಿ ನೆನೆದು ಅತ್ತರು. ದೊಡ್ಡಮಾವ ಆ ಗುಂಡಿಯನ್ನು ಬೆಳಕಿಗೆ ಹಿಡಿದು, "ಇವನು ಎಡಚ. ಕ್ಲಾರಿನೆಟ್ ಊದ್ತಿದ್ದ" ಅಂದರು.

ನಗು ಬರುತ್ತದೆಯೇ? ಬರಲಿ. ನನಗೂ ಮೊದಮೊದಲು ಬರುತ್ತಿತ್ತು.

ಈ ಮನೆಯಲ್ಲಿ ಹುಟ್ಟಿ ಬೆಳೆದವರು ನನ್ನ ಗಂಡ. ಅಪ್ಪನಿಲ್ಲದ ಅವರಿಗೆ ದೊಡ್ಡಪ್ಪನೇ ಅಪ್ಪ. ಬೇರೆ ಮಕ್ಕಳು ಗೋಲಿ ಆಡಿದರೆ ಇವರು ಗುಂಡಿ ಆಡಿದ್ದರು. ಬೇರೆಯವರು ರಾಜರಾಣಿಯ ಕಥೆ ಕೇಳಿದರೆ ಇವರು ಕಿರೀಟದ ಗುಂಡಿ ತೊಟ್ಟು ಸಮುದ್ರ ದಾಟಿ ಹೋದ ಸಿಪಾಯಿಗಳ ಕಥೆ ಕೇಳಿದ್ದರು. ಗಂಡಾಗಿ ಹುಟ್ಟಿದ ಮೇಲೆ ಪಲ್ಟಣದ ಗುಂಡಿ ತೊಡದಿದ್ದರೆ ಬದುಕೇ ದಂಡ ಅಂತ ಆ ತಲೆಯಲ್ಲಿ ಕೂತುಬಿಟ್ಟಿತ್ತು. ಕೂರಿಸಿದವರು ಯಾರು ಅಂತ ಬೇರೆ ಹೇಳಬೇಕೆ?

ಯುದ್ಧ ಶುರುವಾಯಿತು. ದಂಡಿಗೆ ಆಳು ಸೇರಿಸುವವರು ಹೊನ್ನಾಳಿಗೆ ಬಂದಿದ್ದಾರೆ ಅಂತ ಸುದ್ದಿ ಬಂದ ದಿನ ನಮ್ಮವರು ಅರಿವೆ ತರುತ್ತೇನೆಂದು ಹೇಳಿ ಹೋದರು. ಬಂದದ್ದು ಸೇರಿಕೊಂಡು. ಹೊಟ್ಟೆಗಿಲ್ಲದವರು ಸೇರಿದರು, ಅದು ಅರ್ಥವಾಗುತ್ತದೆ. ಅಂಗಡಿಯ ತುಂಬ ಅರಿವೆ ಇರುವ ಮನೆಯ ಹಿರಿಮಗ ಸೇರಿದ್ದು ಯಾಕೆ? ನಾನು ಕೇಳಿದೆ. ಅವರು ನಗುತ್ತಾ, "ದೊಡ್ಡಪ್ಪಗೆ ಹೊಸ ಗುಂಡಿ ತಂದುಕೊಡಾಕೆ" ಅಂದರು. ನಾನು ಮೂರು ದಿನ ಮಾತು ಬಿಟ್ಟೆ. ದಂಡಿನ ಉಡುಪಿನಲ್ಲಿ ಒಂದೇ ಸಲ ರಜೆಯ ಮೇಲೆ ಬಂದಿದ್ದರು. ನಾನು ಅವರ ಮುಖ ನೋಡುತ್ತಿದ್ದೆ, ದೊಡ್ಡಮಾವ ಅವರ ಗುಂಡಿ ನೋಡುತ್ತಿದ್ದರು. ಕಿರೀಟದ ಕೆಳಗೆ ಒಂದು ಆನೆ. ದೊಡ್ಡಮಾವ ಅವತ್ತು ಊರಿಗೆಲ್ಲ ಸಕ್ಕರೆ ಹಂಚಿದರು. ಆಮೇಲೆ ಅವರನ್ನು ಹಡಗು ಹತ್ತಿಸಿ ಬರ್ಮಾದ ಕಡೆ ಕಳಿಸಿದರಂತೆ. ಸ್ವಲ್ಪ ಕಾಲ ಕಾಗದ ಬಂತು. ಆಮೇಲೆ ಬರಲಿಲ್ಲ.

ಕಾಗದ ನಿಂತ ಮನೆಯಲ್ಲಿ ಏನಿರುತ್ತದೆ ಅಂತ ನಿಮಗೆ ಗೊತ್ತಿದೆಯೋ ಇಲ್ಲವೋ. ಬೆಳಗ್ಗೆ ತಲೆ ಬಾಚಿ ಹೂ ಮುಡಿಯುವಾಗ ಮುಡಿಯಲೋ ಬೇಡವೋ ಅನ್ನಿಸುತ್ತದೆ. ಕೈ ತುಂಬ ಬಳೆ ಇಟ್ಟುಕೊಂಡರೆ ಎದುರುಮನೆಯವಳು ನೋಡುತ್ತಾಳೆ, ಇಟ್ಟುಕೊಳ್ಳದಿದ್ದರೆ ಅತ್ತೆ ಅಳುತ್ತಾರೆ. ಆ ದಿನಗಳಲ್ಲಿ ದೊಡ್ಡಮಾವ ಪಡಸಾಲೆಯಲ್ಲಿ ಕೂತು ಗುಂಡಿ ಉಜ್ಜುವ ಸದ್ದು ಕೇಳಿದರೆ ನನ್ನ ಮೈ ಉರಿಯುತ್ತಿತ್ತು. ಒಮ್ಮೆ ಒಳಗಿನಿಂದಲೇ ಅಂದುಬಿಟ್ಟೆ, "ಉಜ್ರಿ, ಚೆನ್ನಾಗಿ ಉಜ್ರಿ. ಮನೆ ಮಗನ್ನ ಉಜ್ಜಿ ಹಾಕಿದ್ದಾತು, ಇನ್ನೇನು ಉಳಿದೈತೆ." ಸದ್ದು ನಿಂತಿತು. ಅವರು ಗುಂಡಿಗಳನ್ನು ಬಾಚಿಕೊಂಡು ಎದ್ದು ಅಂಗಡಿಗೆ ಹೋದರು. ಜಗಳಕ್ಕೆ ಬರಲಿ ಅಂತಲೇ ನಾನು ಅಂದದ್ದು.

ಇಷ್ಟು ಸಾಲದು ಅಂತ ಜಗಳೂರು ಮಾವ ಬಂದರು. ಇವರು ಅತ್ತೆಯ ತಮ್ಮ, ಕುರಿ ವ್ಯಾಪಾರಸ್ಥರು. ಮಾತಾಡುವಾಗ ಎದುರಿಗಿರುವವರ ಬೆನ್ನು ತಡವಿ ನೋಡುವ ಅಭ್ಯಾಸ, ಕೊಬ್ಬು ಎಷ್ಟಿದೆ ಅಂತಿರಬೇಕು. ಅವರ ಮಗಳನ್ನು ನನ್ನ ಮೈದುನನಿಗೆ ಕೊಡುವುದೆಂದು ಮೊದಲೇ ಮಾತಾಗಿತ್ತು. ಈಗ ಒಂದು ತೊಡಕು. ಹಿರಿಮಗ ಇದ್ದಾನೋ ಇಲ್ಲವೋ ಗೊತ್ತಿಲ್ಲದ ಮನೆಯಲ್ಲಿ ಮದುವೆಯ ಹಂದರ ಹಾಕುವ ಹಾಗಿಲ್ಲ. ಇದ್ದಾನೆ ಅಂತಾದರೆ ಸರಿ. ಇಲ್ಲ ಅಂತಾದರೂ ಸರಿಯೇ! ಸಾವಾದ ಮನೆಯಲ್ಲಿ ವರ್ಷ ತುಂಬುವುದರೊಳಗೆ ಒಂದು ಮದುವೆ ಮಾಡಬೇಕು ಅನ್ನುವ ಪದ್ಧತಿ ಇದೆಯಲ್ಲ. ಅದರಿಂದ ಜಗಳೂರು ಮಾವನ ಲೆಕ್ಕದಲ್ಲಿ ನನ್ನ ಗಂಡ ಬೇಗ ಬರಬೇಕು, ಇಲ್ಲವೇ ಬೇಗ ಸಾಯಬೇಕು. ನಡುವೆ ತೂಗಾಡಿಕೊಂಡಿರುವುದು ಮಾತ್ರ ಸಲ್ಲದು.

"ಅಕ್ಕಾ, ಎಷ್ಟು ದಿನ ಅಂತ ಕಾಯಾದು? ಬರೋನಾಗಿದ್ರೆ ಬರ್ತಿದ್ದ. ಸ್ವಾಮಿಗಳ್ನ ಕೇಳಿ ಒಂದು ಕಾರ್ಯ ಅಂತ ಮಾಡಿ ಮುಗಿಸಾನ. ಆ ಹುಡುಗೀಗೂ ಒಂದು ದಾರಿ ಆಗ್ತೈತೆ."

ಆ ಹುಡುಗಿ ನಾನು. ನನಗೆ ಆಗುವ ದಾರಿ ಯಾವುದು ಅಂತ ಎಲ್ಲರಿಗೂ ಗೊತ್ತಿತ್ತು. ಬಳೆ ಒಡೆದು, ಹೂ ಕಿತ್ತು, ಹಿತ್ತಲ ಕಡೆಯ ಕೋಣೆಗೆ ಹೋಗುವ ದಾರಿ. ಅತ್ತೆ ಇನ್ನೂ ಹೂಂ ಅಂದಿರಲಿಲ್ಲ. ಆದರೆ ಒಂದೊಂದು ಸಲ ಜಗಳೂರು ಮಾವ ಬಂದು ಹೋದಾಗಲೂ ಉಹೂಂ ಅನ್ನುವ ದನಿ ಸಣ್ಣದಾಗುತ್ತಿತ್ತು.

ಅದೊಂದು ಶ್ರಾವಣ ಸೋಮವಾರ. ಪೂಜೆ ಮುಗಿಸಿದ್ದೆವು. ಜಗಳೂರು ಮಾವ ಪಡಸಾಲೆಯಲ್ಲಿ ಕೂತು ಇವತ್ತು ಒಂದು ತೀರ್ಮಾನ ಆಗಲೇಬೇಕು ಅನ್ನುತ್ತಿದ್ದರು. ಜೊತೆಗೆ ಪೇಟೆಯ ನಾಲ್ಕು ಜನ ಹಿರಿಯರನ್ನೂ ಕರೆಸಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಬಂದು ನಿಂತ. ಮಿಲಿಟರಿ ಬೂಟು, ಬಡಕಲು ಮೈ, ಒಂದು ಕಾಲು ಎಳೆದು ಹಾಕುತ್ತಿದ್ದ.

"ಗುಂಡಿ ನೋಡಿ ಆಳು ಹೇಳೋ ಯಜಮಾನ್ರ ಮನೆ ಇದೇ ಏನ್ರಿ?"

ನಮ್ಮ ಮನೆಯಿಂದ ಒಬ್ಬರು ದಂಡಿಗೆ ಹೋಗಿದ್ದಾರೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ದೊಡ್ಡಮಾವನವರ ಹೆಸರು ಕೇಳಿ ಬಂದವನು ಅಷ್ಟೆ. ಕೂತು, ನೀರು ಕುಡಿದು ಹೇಳಿದ.

"ನಮ್ದು ಸವಳಂಗದ ಕಡೆ ಹಳ್ಳಿರಿ. ಗಾಯಾಗಿ ಆಸ್ಪತ್ರೆ ಡೇರೇದಾಗಿದ್ದೆ. ಪಕ್ಕದಾಗೆ ಒಬ್ಬನ್ನ ತಂದು ಹಾಕಿದ್ರು. ಮುಖ ಎಲ್ಲ ಸುಟ್ಟಿತ್ತು, ಬಟ್ಟೆ ಸುತ್ತಿದ್ರು. ಹೆಸರು ಹೇಳಾಕೆ ಉಸಿರಿರ್ಲಿಲ್ಲ. 'ಯವ್ವಾ, ನೀರು' ಅಂದ. ನಮ್ಮ ಕಡೆಯವ ಅಂತ ಅವಾಗ ಗೊತ್ತಾತು. ನೀರು ಕುಡಿಸ್ದೆ. ಬೆಳಕು ಹರಿಯೋದ್ರಾಗೆ ಹೋಗ್ಬಿಟ್ಟ. ಇದೊಂದು ಅವನ ಕೋಟಿಂದ ಬಿಚ್ಕಂಡು ಬಂದೀನಿ. ಯಾರು ಅಂತ ನೀವು ಹೇಳಿದ್ರೆ ಅವರ ಮನೆಗೆ ಮುಟ್ಟಿಸ್ತೀನಿ."

ಅವನು ಕರವಸ್ತ್ರದ ಗಂಟು ಬಿಚ್ಚಿದ. ಒಳಬಾಗಿಲ ಹತ್ತಿರ ನಿಂತಿದ್ದ ನನಗೆ ಅಲ್ಲಿಂದಲೇ ಕಂಡಿತು. ಕಿರೀಟ, ಅದರ ಕೆಳಗೆ ಆನೆ. ಅತ್ತೆ ಕಂಬ ಹಿಡಿದುಕೊಂಡರು.

ಯಾವ ಗುಂಡಿಯನ್ನಾದರೂ ಒಂದೇ ನೋಟಕ್ಕೆ ಹೇಳುತ್ತಿದ್ದ ದೊಡ್ಡಮಾವ ಅವತ್ತು ಎದ್ದು ಬಾಗಿಲ ಬೆಳಕಿಗೆ ಹೋದರು. ಮುಂದೆ ನೋಡಿದರು, ಹಿಂದೆ ನೋಡಿದರು, ಪಂಚೆಯ ಚುಂಗಿನಿಂದ ಒರೆಸಿ ಮತ್ತೆ ನೋಡಿದರು. ನಮ್ಮ ಕಡೆಗೆ ಬೆನ್ನು.

ಜಗಳೂರು ಮಾವ ತಡೆಯಲಾರದೆ ಕೇಳಿದರು. "ನಮ್ಮ ಹುಡುಗನ ಪಲ್ಟಣದ್ದೇ ಅಲ್ವೇನ್ರಿ?"

"ಹೌದು. ಪಲ್ಟಣ ಅದೇ."

"ಆಳು?"

"ಆಳು ಗೊತ್ತಾಗಲ್ಲ."

"ಹಂಗಂದ್ರೆ ಹೆಂಗೆ? ನಮ್ಮ ಹುಡುಗ ಎಡಚ. ಸಾವಿರದಾಗೆ ಎಡಚಂದು ಆರಿಸ್ತೀನಿ ಅಂತಿದ್ರಿ. ಇದು ಎಡಚಂದೋ ಬಲಗೈಯವಂದೋ, ಅಷ್ಟು ಹೇಳ್ರಿ ಸಾಕು. ನಾಲ್ಕು ಜನ ಹಿರೇರು ಅದಾರೆ, ಇವತ್ತೇ ಇತ್ಯರ್ಥ ಆಗ್ಲಿ."

ದೊಡ್ಡಮಾವ ತಿರುಗಿದರು. ಮುಖದಲ್ಲಿ ಏನೂ ಇರಲಿಲ್ಲ.

"ಅದನ್ನ ಯಾರೂ ಹೇಳಾಕಾಗಲ್ಲ. ಗುಂಡ್ಯಾಗೆ ಆಳು ಕಾಣಲ್ಲ."

"ಮತ್ತೆ ಇಷ್ಟು ವರ್ಷ ಹೇಳಿದ್ದು?"

"ಬಾಯಿಗೆ ಬಂದದ್ದು ಹೇಳ್ದೆ. ನೀವು ಕೇಳಿದ್ರಿ."

"ಕುಡುಕ, ಸೋಮಾರಿ ಅಂತಿದ್ದದ್ದು?"

"ಸುಳ್ಳು."

"ಹೊನ್ನಾಳಿ ಗೌಡ್ರ ಮನೇದು?"

"ಅದೂ ಅಷ್ಟೇ. ಅದು ಹೊನ್ನೇ ಇದ್ರೂ ಇರಬಹುದು. ನನಗೇನು ಗೊತ್ತು."

ಹಿರಿಯರಲ್ಲಿ ಒಬ್ಬರು ಮೊದಲು ನಕ್ಕರು. ಆಮೇಲೆ ಎಲ್ಲರೂ. ಪಾಪ, ಎಷ್ಟು ವರ್ಷದ ನಗು ತಡೆದಿಟ್ಟುಕೊಂಡಿದ್ದರೋ! ಆ ಸಿಪಾಯಿ ಮಾತ್ರ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ, "ಹೋಗ್ಲಿ ಬಿಡ್ರಿ, ನೀವೇ ಇಟ್ಕಳ್ರಿ ಇದನ್ನ" ಅಂದ. ಕೈಗೆ ಬಂದ ಒಂದು ಗುಂಡಿಯನ್ನೂ ಜನ್ಮದಲ್ಲಿ ವಾಪಸು ಕೊಡದ ದೊಡ್ಡಮಾವ, "ನನಗ್ಯಾಕಪ್ಪ. ಯಾರ ಮನೇದೋ ಏನೋ. ತಗಂಡು ಹೋಗು" ಅಂತ ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

ಜಗಳೂರು ಮಾವನ ಇತ್ಯರ್ಥ ಆಗಲಿಲ್ಲ. ಒಂದು ಗುಂಡಿಯನ್ನು ನಂಬಿ ಕಾರ್ಯ ಮಾಡುವುದು ಹೇಗೆ ಅಂತ ಹಿರಿಯರು ಎದ್ದರು. ಅತ್ತೆಗೆ ಧೈರ್ಯ ಬಂದು ಉಹೂಂ ಅನ್ನುವ ದನಿ ಗಟ್ಟಿಯಾಯಿತು. ಜಗಳೂರು ಮಾವ ಆ ವರ್ಷವೇ ಮಗಳನ್ನು ಬೇರೆ ಕಡೆ ಕೊಟ್ಟರು. ಮೈದುನ ಅದಕ್ಕೇನೂ ಎದೆ ಬಡಿದುಕೊಳ್ಳಲಿಲ್ಲ.

ಊರಿಗೆ ಹಬ್ಬ. ದೊಡ್ಡಮಾವ ಪೇಟೆಯಲ್ಲಿ ನಡೆದರೆ ಪಡ್ಡೆಗಳು ಅಂಗಿಯ ಗುಂಡಿ ತೋರಿಸಿ, "ನಾನು ಎಡಚನೋ ಬಲಚನೋ ಹೇಳಜ್ಜ" ಅನ್ನುವರು. ಗೌಡರ ಮನೆಯಲ್ಲಿ ಆ ಗುಂಡಿ ಮತ್ತೆ ಜಗಲಿ ಹತ್ತಿತಂತೆ. ಗುಂಡಿ ಹಿಡಿದುಕೊಂಡು ಬರುವವರು ನಿಂತರು, ನನಗೆ ಕಾಫಿ ಮಾಡುವ ಕೆಲಸ ತಪ್ಪಿತು. ಮೊದಲ ಮಳೆ ಬಂದರೂ ಕೋಲು ಮೂಲೆಯಲ್ಲೇ ಇತ್ತು. ನನಗೆ ಮರುಕ ಬಂತೇ? ಇಲ್ಲ. ಸಿಟ್ಟು ಇಮ್ಮಡಿಯಾಯಿತು. ಇವರ ಬಾಯಿಗೆ ಬಂದ ಸುಳ್ಳು ಕೇಳಿಕೊಂಡು ನನ್ನ ಗಂಡ ದಂಡಿಗೆ ಹೋದರಲ್ಲ! ನಿಜವಿದ್ದಿದ್ದರೂ ಒಂದು ಥರ. ಊಟಕ್ಕೆ ಬಡಿಸುವಾಗ ಸಾರಿನ ಸೌಟು ತಟ್ಟೆಗೆ ಕುಕ್ಕುತ್ತಿದ್ದೆ. ಅವರು ತಲೆ ಎತ್ತದೆ ಉಂಡು ಏಳುತ್ತಿದ್ದರು. ಅತ್ತೆ ಒಂದೊಂದು ದಿನ ಮಗನನ್ನು ನೆನೆದು ಅತ್ತರೆ ಇವರು, "ಬರ್ತಾನೆ ಬಿಡವ್ವ, ಎಲ್ಲಿ ಹೋಗ್ತಾನೆ" ಅಂತ ಎದ್ದು ಅಂಗಡಿಗೆ ಹೋಗುತ್ತಿದ್ದರು. ಎಂಥ ಕಲ್ಲು ಮನುಷ್ಯ ಅಂತ ನಾನು ಅಂದುಕೊಂಡೆ.

ಎರಡು ಗೌರಿ ಹಬ್ಬ ಬಂದು ಹೋದವು. ಎರಡಕ್ಕೂ ನಾನು ಹಸಿರು ಬಳೆ ಇಟ್ಟುಕೊಂಡು, ಹೂ ಮುಡಿದು, ಉಡಿ ತುಂಬಿಸಿಕೊಂಡೆ. ಕಾಯುವುದರಲ್ಲೂ ಒಂದು ಸುಖವಿರುತ್ತದೆ. ಸಂಜೆ ಬಾಗಿಲಿಗೆ ನೀರು ಹಾಕುವಾಗ ರಸ್ತೆಯ ಕೊನೆಯ ತನಕ ನೋಡಬಹುದು. ಯಾರೋ ಎತ್ತರದವರು ಬಂದರೆ ಅವರು ಹತ್ತಿರ ಬರುವ ತನಕ ನಾನು ಗಂಡನಿದ್ದವಳೇ.

ಯುದ್ಧ ಮುಗಿದ ಮೇಲೆ ಸರ್ಕಾರದಿಂದ ಸುದ್ದಿ ಬಂತು. ಅಂಚೆಯವನು ಓದಿ ಹೇಳಿದ. ತೀರಿಹೋಗಿ ಎರಡು ವರ್ಷದ ಮೇಲಾಗಿತ್ತು. ಆಸ್ಪತ್ರೆ ಡೇರೆಯಲ್ಲಿ.

ಅವನು ಇನ್ನೂ ಓದುತ್ತಿದ್ದ. ಅತ್ತೆಗೆ ಇನ್ನೂ ಅರ್ಥವಾಗಿರಲಿಲ್ಲ, ನನಗೆ ಇನ್ನೂ ಕಣ್ಣೀರು ಬಂದಿರಲಿಲ್ಲ. ಅಷ್ಟರಲ್ಲಿ ಪಡಸಾಲೆಯ ಚಾಪೆಯ ಮೇಲೆ ದೊಡ್ಡಮಾವ ಅತ್ತರು. ಗಂಡಸರು ಹಾಗೆ ಅಳುವುದನ್ನು ನಾನು ಅದರ ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಬೀದಿಯ ಜನ ಓಡಿ ಬಂದರು. ಅದು ಈಗ ಕೇಳಿದ ಸುದ್ದಿಗೆ ಅಳುವ ಅಳುವಲ್ಲ. ಎರಡು ವರ್ಷ ಅಳುವ ಹಾಗಿಲ್ಲದೆ ಕೂತಿದ್ದವರ ಅಳು. ಅತ್ತರೆ ನಮಗೆ ಗೊತ್ತಾಗಿಬಿಡುತ್ತಿತ್ತಲ್ಲ! ಮಗನ ಹಾಗೆ ಸಾಕಿದವನ ಕೊನೆಯ ಗುರುತು ಕೈಯಲ್ಲಿತ್ತು. ಅದನ್ನು ಇಟ್ಟುಕೊಂಡರೂ ಗೊತ್ತಾಗಿಬಿಡುತ್ತಿತ್ತು.

ಜನ ಕರಗಿದ ಮೇಲೆ ನಾನು ಹೊರಗೆ ಬಂದು ಕೇಳಿದೆ. "ನಿಮಗೆ ಅವತ್ತೇ ಗೊತ್ತಿತ್ತಾ?"

"ಹೂಂ ಕಣವ್ವ. ನಾನು ಕೈ ಹಿಡಿದು ಉಜ್ಜೋದು ಕಲಿಸಿದ್ದು. ನನಗೆ ಗೊತ್ತಾಗಲ್ವ."

"ಯಾಕೆ ಹೇಳ್ಲಿಲ್ಲ?"

ಅವರು ತಲೆ ಎತ್ತಿದರು. ಅವತ್ತು ಮೊದಲನೇ ಸಲ ನನ್ನ ಮುಖ ನೋಡಿದರು.

"ನೀನು ಅವತ್ತು ತಲೆ ತುಂಬ ಹೂ ಮುಡ್ಕಂಡು ಬಾಗಿಲಾಗೆ ನಿಂತಿದ್ದಿ. ತೆಗಿ ಅನ್ನಾಕೆ ನನ್ನ ಕೈಲಿ ಆಗ್ಲಿಲ್ಲ."

ಸೊಸೆಯಾದವಳು ಮಾವಂದಿರ ಎದುರು ಕೂರಬಾರದ ಕಾಲ ಅದು. ನಾನು ಹೋಗಿ ಅವರ ಪಕ್ಕ, ಅದೇ ಚಾಪೆಯ ಮೇಲೆ ಕೂತೆ.